ದೂರದ ತರಗತಿಗೆ ಮೊದಲೇ ತಯಾರಿ

ಪ್ರತಿ ಸಲ ರಿಜಿಸ್ಟ್ರೇಷನ್ ಶುರುವಾಗುವ ಹೊತ್ತಿಗೆ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: "ಈ ಕೋರ್ಸನ್ನ ಆನ್‌ಲೈನ್ ಸೆಕ್ಷನ್‌ನಲ್ಲಿ ತಗೊಂಡ್ರೆ ಸುಲಭಾನಾ?" ಕೇಳುವವರ ಕಾರಣಗಳೂ ನಮಗೆಲ್ಲ ಗೊತ್ತು. ಕ್ಯಾಂಪಸ್ ಕೆಲಸದ ಶಿಫ್ಟಿಗೂ ತರಗತಿಯ ಸಮಯಕ್ಕೂ ಹೊಂದಾಣಿಕೆ ಆಗಲ್ಲ. ಚಳಿಗಾಲದಲ್ಲಿ ಬಸ್ಸಿಗೆ ಕಾಯೋದೇ ಒಂದು ಶಿಕ್ಷೆ. ಬೇಸಿಗೆಯಲ್ಲಿ ಊರಿಗೆ ಹೋಗಿ, ಅಮ್ಮನ ಕೈಯಡುಗೆ ಊಟ ಮಾಡ್ತಾ ಅಲ್ಲಿಂದಲೇ ಮೂರು ಕ್ರೆಡಿಟ್ ಮುಗಿಸಿಬಿಡೋಣ ಅನ್ನೋ ಆಸೆ ಬೇರೆ. ಎಲ್ಲವೂ ನ್ಯಾಯವಾದ ಕಾರಣಗಳೇ. ಆದರೆ ಸುಲಭವೋ ಕಷ್ಟವೋ ಅನ್ನೋದು ಪಾಠದ ಮೇಲೆ ಎಷ್ಟು ನಿಂತಿದೆಯೋ, ಕೋರ್ಸ್ ಶುರುವಾಗುವ ಮುಂಚಿನ ಎರಡು ವಾರದಲ್ಲಿ ನಾವು ಮಾಡಿಕೊಳ್ಳುವ ತಯಾರಿಯ ಮೇಲೂ ಅಷ್ಟೇ ನಿಂತಿದೆ. ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಓದುತ್ತಿರುವ ನಮಗಂತೂ ಇದು ಗ್ರೇಡಿನ ವಿಷಯ ಮಾತ್ರ ಅಲ್ಲ, ಇಲ್ಲಿ ಉಳಿಯುವ ಹಕ್ಕಿನ ವಿಷಯವೂ ಹೌದು.

ದೂರಶಿಕ್ಷಣ ಕನ್ನಡಿಗರಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರಲ್ಲೇ ಶುರುವಾಗಿತ್ತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ನಮ್ಮಲ್ಲಿ ಅನೇಕರ ಚಿಕ್ಕಪ್ಪಂದಿರು, ಅತ್ತೆಯರು ಕೆಲಸ ಮಾಡುತ್ತಲೇ ಹೀಗೆ ಬಿ.ಎ., ಬಿ.ಎಡ್. ಮುಗಿಸಿದವರು. ಅವರಿಗೆ ಪಾಠದ ಪುಸ್ತಕ ಅಂಚೆಯಲ್ಲಿ ಬರ್ತಿತ್ತು. ಆದರೆ ಅದರ ಜೊತೆಗೆ ಸಂಪರ್ಕ ತರಗತಿಗಳು ಇರ್ತಿದ್ದವು, ಹೋಗಿ ಕೂರಬೇಕಾದ ಪರೀಕ್ಷಾ ಕೇಂದ್ರ ಇರ್ತಿತ್ತು. ಇವತ್ತಿನ ಆನ್‌ಲೈನ್ ಕೋರ್ಸಿನಲ್ಲಿ ಪಾಠ ಕ್ಷಣದಲ್ಲಿ ಬಂದು ಬೀಳುತ್ತೆ. ಆದರೆ ತರಗತಿಯ ಕೋಣೆ ತಾನಾಗಿ ಕೊಡ್ತಿದ್ದ ಮೂರು ವಸ್ತುಗಳು, ಅಂದರೆ ಹೊತ್ತು, ಜಾಗ, ಜೊತೆಗಾರರು, ಅವನ್ನು ನಾವೇ ಒದಗಿಸಿಕೊಳ್ಳಬೇಕು. ಈ ಲೇಖನದಲ್ಲಿ ಹೇಳೋದೆಲ್ಲ ಅದರ ಬಗ್ಗೆಯೇ. ಆದರೆ ಅದಕ್ಕೂ ಮೊದಲು ವೀಸಾ.

ಮೊದಲು ವೀಸಾದ ಲೆಕ್ಕ

ಎಫ್-1 ನಿಯಮ ಹೇಳೋದು ಇಷ್ಟು: ಒಂದು ಸೆಮಿಸ್ಟರ್‌ನಲ್ಲಿ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಆನ್‌ಲೈನ್ ಕೋರ್ಸ್ ಅಥವಾ ಮೂರು ಕ್ರೆಡಿಟ್‌ಗಿಂತ ಹೆಚ್ಚು ಸೇರಿಸಿಕೊಳ್ಳುವಂತಿಲ್ಲ. ಉದಾಹರಣೆಗೆ, ನಿಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ವಿದ್ಯಾರ್ಥಿಗೆ 9 ಕ್ರೆಡಿಟ್ ಪೂರ್ಣಾವಧಿ ಅಂದುಕೊಳ್ಳಿ. ಮೂರು ಕ್ರೆಡಿಟ್‌ನ ಎರಡು ಕೋರ್ಸ್ ಕ್ಯಾಂಪಸ್‌ನಲ್ಲಿ, ಒಂದು ಆನ್‌ಲೈನ್‌ನಲ್ಲಿ ತಗೊಂಡ್ರೆ ಲೆಕ್ಕ ಸರಿ. ಒಂದು ಕ್ಯಾಂಪಸ್‌ನಲ್ಲಿ, ಎರಡು ಆನ್‌ಲೈನ್‌ನಲ್ಲಿ ತಗೊಂಡ್ರೆ ಫೀಸು ಕಟ್ಟಿದ್ದು 9 ಕ್ರೆಡಿಟ್‌ಗೇ ಆದರೂ ವೀಸಾ ಲೆಕ್ಕಕ್ಕೆ ಸಿಗೋದು 6 ಮಾತ್ರ. ಪೂರ್ಣಾವಧಿಯ 9 ಕ್ರೆಡಿಟ್ ಸರಿಯಾಗಿ ತುಂಬಿದ ಮೇಲೆ ಹೆಚ್ಚುವರಿಯಾಗಿ ಇನ್ನೊಂದು ಆನ್‌ಲೈನ್ ಕೋರ್ಸ್ ಓದೋಕೆ ಈ ಮಿತಿ ಅಡ್ಡ ಬರಲ್ಲ.

"ಆನ್‌ಲೈನ್" ಅಂದ್ರೆ ಏನು ಅನ್ನೋದಕ್ಕೂ ನಿಯಮದಲ್ಲಿ ಅರ್ಥ ಇದೆ. ಪಾಠಕ್ಕಾಗಲಿ, ಪರೀಕ್ಷೆಗಾಗಲಿ, ಕೋರ್ಸ್ ಮುಗಿಸೋಕೆ ಬೇಕಾದ ಬೇರೆ ಕೆಲಸಕ್ಕಾಗಲಿ ಖುದ್ದಾಗಿ ಬರಬೇಕಿಲ್ಲ ಅನ್ನೋ ಕೋರ್ಸೇ ಆನ್‌ಲೈನ್. ಹೀಗಾಗಿ ಹೈಬ್ರಿಡ್ ಕೋರ್ಸುಗಳು ಸಾಮಾನ್ಯವಾಗಿ ಈ ಮಿತಿಗೆ ಸಿಕ್ಕಿಕೊಳ್ಳಲ್ಲ. ಆದರೆ ಪ್ರೊಫೆಸರ್ "ಬೇಕಾದ್ರೆ ಕ್ಯಾಂಪಸ್‌ಗೆ ಬನ್ನಿ, ಇಲ್ಲಾಂದ್ರೆ ಜೂಮ್‌ನಲ್ಲಿ ಸೇರಿ" ಅಂದ ಮಾತ್ರಕ್ಕೆ ಅದು ಹೈಬ್ರಿಡ್ ಆಗಲ್ಲ. ರಿಜಿಸ್ಟ್ರೇಷನ್ ದಾಖಲೆಯಲ್ಲಿ ಆ ಸೆಕ್ಷನ್ ಹೇಗೆ ನಮೂದಾಗಿದೆ ಅನ್ನೋದನ್ನ ನೋಡಬೇಕು.

ಇನ್ನೆರಡು ಸಂದರ್ಭಗಳಲ್ಲಿ ನಮ್ಮವರು ಎಡವೋದು ಹೆಚ್ಚು. ಒಂದು, ಕೊನೆಯ ಸೆಮಿಸ್ಟರ್. ಡಿಗ್ರಿಗೆ ಒಂದೇ ಕೋರ್ಸ್ ಬಾಕಿ ಇದ್ದು ಅದನ್ನೊಂದೇ ತಗೊಳ್ಳೋದಾದ್ರೆ, ಅದು ಪೂರ್ತಿ ಆನ್‌ಲೈನ್ ಆಗಿರುವಂತಿಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಮಾತ್ರ ಸಿಗೋ ಕೋರ್ಸನ್ನ ಕೊನೆಗೆ ಉಳಿಸಿಕೊಳ್ಳಬೇಡಿ, ಮೊದಲೇ ಮುಗಿಸಿ. ಎರಡು, ಬೇಸಿಗೆ. ಒಂದು ಶೈಕ್ಷಣಿಕ ವರ್ಷ ಮುಗಿಸಿ ಬೇಸಿಗೆಯನ್ನು ರಜೆಯಾಗಿ ತಗೊಳ್ಳುವವರಿಗೆ ಪೂರ್ಣಾವಧಿಯ ಕಟ್ಟುಪಾಡೇ ಇರಲ್ಲ, ಆದ್ದರಿಂದ ಆಗ ಆನ್‌ಲೈನ್ ಕೋರ್ಸ್ ತಗೊಳ್ಳೋಕೆ ತೊಂದರೆ ಇಲ್ಲ. ಆದರೆ ನಿಮ್ಮ ಓದು ಬೇಸಿಗೆ ಅವಧಿಯಲ್ಲೇ ಶುರುವಾಗಿದ್ರೆ ಅದು ನಿಮ್ಮ ಮೊದಲ ಸೆಮಿಸ್ಟರ್ ಆಯ್ತು, ರಜೆ ಅಲ್ಲ.

"ನಮ್ಮ ಸೀನಿಯರ್ ಎಲ್ಲಾ ಕೋರ್ಸೂ ಆನ್‌ಲೈನ್‌ನಲ್ಲೇ ಮಾಡಿದ್ದರಂತೆ" ಅಂತ ಯಾರಾದ್ರೂ ಹೇಳಿದ್ರೆ, ಯಾವ ವರ್ಷ ಅಂತ ಕೇಳಿ. ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಈ ಮಿತಿಯನ್ನು ಸಡಿಲಿಸಿದ್ದರು. ಅದೇ ವರ್ಷ ಜುಲೈ 6ರಂದು, ಪೂರ್ತಿ ಆನ್‌ಲೈನ್ ಓದುವವರು ದೇಶ ಬಿಡಬೇಕು ಅನ್ನೋ ಆದೇಶ ಹೊರಬಿತ್ತು. ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದವು, ಜುಲೈ 14ಕ್ಕೆ ಆದೇಶ ವಾಪಸ್ ಆಯಿತು. ಕೋವಿಡ್ ಸಡಿಲಿಕೆ 2023ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಆ ಕಾಲದ ಅನುಭವ ಈಗಿನ ಸೆಮಿಸ್ಟರ್‌ಗೆ ದಾರಿ ತೋರಿಸಲ್ಲ.

ಊರಿನಲ್ಲಿ ಕೆಲಸ ಮಾಡುತ್ತಿರುವ ಗೆಳೆಯರಿಗೂ ಒಂದು ಮಾತು. ಜಾರ್ಜಿಯಾ ಟೆಕ್ 2014ರಲ್ಲಿ ಶುರು ಮಾಡಿದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್. ತರಹದ ಕೋರ್ಸುಗಳನ್ನು ಬೆಂಗಳೂರಿನಲ್ಲೇ ಕೂತು ಓದಬಹುದು, ಖರ್ಚೂ ತುಂಬಾ ಕಡಿಮೆ. ಆದರೆ ಪೂರ್ತಿ ಆನ್‌ಲೈನ್ ಡಿಗ್ರಿಗೆ ಐ-20 ಕೊಡಲ್ಲ. ಅದನ್ನು ನಂಬಿಕೊಂಡು ಅಮೆರಿಕಕ್ಕೆ ಬರುವ ಯೋಜನೆ ಹಾಕಬೇಡಿ.

ನಾವು ಯಾರೂ ವಕೀಲರಲ್ಲ. ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ನಿಮ್ಮ ಐ-20ಗೆ ಸಹಿ ಹಾಕುವ ಡಿಎಸ್‌ಒ ಏನು ಹೇಳ್ತಾರೋ ಅದೇ ಕೊನೆಯ ಮಾತು. ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದು ಇಟ್ಟುಕೊಳ್ಳಿ.

ಗಂಟೆಗಳ ಲೆಕ್ಕ

ಇಲ್ಲಿ ಒಂದು ಕ್ರೆಡಿಟ್ ಅಂದ್ರೆ ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆ ಪಾಠ, ಅದರ ಹೊರಗೆ ಕನಿಷ್ಠ ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ. ಮೂರು ಕ್ರೆಡಿಟ್ ಕೋರ್ಸಿಗೆ ವಾರಕ್ಕೆ 9 ಗಂಟೆ, ಒಟ್ಟು 135 ಗಂಟೆ. ಕೋರ್ಸ್ ಆನ್‌ಲೈನ್ ಆದ ತಕ್ಷಣ ಈ ಗಂಟೆಗಳು ಕಡಿಮೆಯಾಗಲ್ಲ. ಅದೇ ಕೋರ್ಸನ್ನು ಬೇಸಿಗೆಯ ಆರು ವಾರಕ್ಕೆ ಅಡಕ ಮಾಡಿದ್ರೆ ವಾರಕ್ಕೆ 22 ಗಂಟೆ ದಾಟುತ್ತೆ. ಜೊತೆಗೆ ವಾರಕ್ಕೆ 40 ಗಂಟೆಯ ಇಂಟರ್ನ್‌ಶಿಪ್ ಇದ್ದರೆ, ಊಟ ನಿದ್ದೆಗೆ ಏನು ಉಳಿಯುತ್ತೆ ಅಂತ ನೀವೇ ಕೂಡಿಸಿ ಕಳೆದು ನೋಡಿ. "ಬೇಸಿಗೇಲಿ ಒಂದು ಸಣ್ಣ ಆನ್‌ಲೈನ್ ಕೋರ್ಸ್" ಅನ್ನೋ ಮಾತಿನಲ್ಲಿ "ಸಣ್ಣ" ಅನ್ನೋ ಪದವೇ ಮೋಸ.

ಈ ಗಂಟೆಗಳಿಗೆ ಕ್ಯಾಲೆಂಡರ್‌ನಲ್ಲಿ ಜಾಗ ಕೊಡದಿದ್ದರೆ ಅವು ತಾವಾಗಿ ಬರಲ್ಲ. ಮಂಗಳವಾರ, ಗುರುವಾರ ಬೆಳಗ್ಗೆ ಹತ್ತರಿಂದ ಹನ್ನೆರಡು ಅಂತ ಗುರುತು ಹಾಕಿ, ಆ ಹೊತ್ತಿನಲ್ಲಿ ಕ್ಲಾಸಿದೆ ಅಂತಲೇ ಎಲ್ಲರಿಗೂ ಹೇಳಿ. ರೂಮ್‌ಮೇಟ್ ಕಾಸ್ಟ್‌ಕೋಗೆ ಕರೆದರೂ ಕ್ಲಾಸಿದೆ, ಊರಿಂದ ಫೋನ್ ಬಂದರೂ ಕ್ಲಾಸಿದೆ. ರೆಕಾರ್ಡ್ ಆದ ಪಾಠದ ದೊಡ್ಡ ತೊಂದರೆ ಅಂದ್ರೆ ಅದು ಎಲ್ಲೂ ಓಡಿಹೋಗಲ್ಲ. ನಾಳೆ ನೋಡಿದರಾಯ್ತು ಅಂತ ಬಿಟ್ಟ ವಿಡಿಯೊಗಳು ಮಿಡ್‌ಟರ್ಮ್ ಹಿಂದಿನ ವಾರ ಹದಿನೆಂಟಾಗಿ ಸಾಲುಗಟ್ಟಿ ನಿಲ್ಲುತ್ತವೆ. ಎರಡು ಪಟ್ಟು ವೇಗದಲ್ಲಿ ಓಡಿಸಿದ್ರೆ ವಿಡಿಯೊ ಮುಗಿಯುತ್ತೆ, ಪಾಠ ಮುಗಿಯಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಹಾಗಾಗುತ್ತೆ.

ಸಿಲೆಬಸ್‌ನಲ್ಲಿ ಏನು ಹುಡುಕಬೇಕು

ಇಂಡಿಯಾದಲ್ಲಿ ಸಿಲೆಬಸ್ ಅಂದ್ರೆ ಪಾಠಗಳ ಪಟ್ಟಿ. ಇಲ್ಲಿ ಅದು ನಮಗೂ ಪ್ರೊಫೆಸರ್‌ಗೂ ನಡುವಿನ ಕರಾರು ಪತ್ರ ಇದ್ದ ಹಾಗೆ. ಆನ್‌ಲೈನ್ ಕೋರ್ಸಿನಲ್ಲಿ ಇದನ್ನ ಮೊದಲ ದಿನವೇ ಪೂರ್ತಿ ಓದಬೇಕು. ನಾವು ಮುಖ್ಯವಾಗಿ ನೋಡೋದು ಇವನ್ನು:

• ಪಾಠ ನಿಗದಿತ ಹೊತ್ತಿನಲ್ಲಿ ನೇರವಾಗಿ ನಡೆಯುತ್ತಾ, ಅಥವಾ ರೆಕಾರ್ಡ್ ಮಾಡಿ ಹಾಕ್ತಾರಾ? ನೇರ ಪಾಠಕ್ಕೆ ಹಾಜರಾತಿ ಅಂಕ ಇದೆಯಾ?

• ಅಸೈನ್‌ಮೆಂಟ್ ಗಡುವು ಯಾವ ಟೈಮ್ ಝೋನ್‌ನಲ್ಲಿ? ತಡವಾದ್ರೆ ದಿನಕ್ಕೆ ಎಷ್ಟು ಅಂಕ ಕಡಿತ, ಅಥವಾ ತಗೊಳ್ಳೋದೇ ಇಲ್ವಾ?

• ಪರೀಕ್ಷೆ ಎಲ್ಲಿ? ಕ್ಯಾಂಪಸ್‌ಗೆ ಬರಬೇಕಾ, ವೆಬ್‌ಕ್ಯಾಮ್ ಕಾವಲಿನಲ್ಲಿ ಮನೆಯಿಂದ ಬರೀಬಹುದಾ?

• ಡಿಸ್ಕಷನ್ ಬೋರ್ಡಿಗೆ ಎಷ್ಟು ಅಂಕ? ಬುಧವಾರದೊಳಗೆ ಸ್ವಂತ ಪೋಸ್ಟ್, ಭಾನುವಾರದೊಳಗೆ ಬೇರೆಯವರ ಎರಡು ಪೋಸ್ಟಿಗೆ ಉತ್ತರ ಅನ್ನೋ ತರಹದ ಪದ್ಧತಿ ಸಾಮಾನ್ಯ. ಎಲ್ಲವನ್ನೂ ಭಾನುವಾರ ರಾತ್ರಿಗೆ ಇಟ್ಟುಕೊಂಡ್ರೆ ಅರ್ಧ ಅಂಕ ಬುಧವಾರವೇ ಹೋಗಿರುತ್ತೆ.

• ಚಾಟ್‌ಜಿಪಿಟಿ ತರಹದ ಉಪಕರಣ ಬಳಸಬಹುದಾ? ಒಟ್ಟಿಗೆ ಕೂತು ಹೋಮ್‌ವರ್ಕ್ ಮಾಡಬಹುದಾ? ಇದು ಕೋರ್ಸಿನಿಂದ ಕೋರ್ಸಿಗೆ ಬದಲಾಗುತ್ತೆ. ಊರಿನ ಕಾಲೇಜಿನಲ್ಲಿ ರೆಕಾರ್ಡ್ ಬುಕ್ ಒಬ್ಬರದ್ದು ನೋಡಿ ಇನ್ನೊಬ್ಬರು ಬರೆಯೋದು ಸಹಜ ಆಗಿತ್ತು. ಇಲ್ಲಿ ಅದೇ ಕೆಲಸಕ್ಕೆ ಶಿಸ್ತು ಕ್ರಮ ಆಗುತ್ತೆ.

ಓದಿದ ಮೇಲೆ ಎಲ್ಲಾ ಗಡುವುಗಳನ್ನೂ ಒಂದೇ ಕ್ಯಾಲೆಂಡರ್‌ಗೆ ಹಾಕಿ. ಕ್ಯಾನ್ವಾಸ್ ತಾನೇ ನೆನಪಿಸುತ್ತೆ ಅಂತ ನಂಬಿ ಕೂರಬೇಡಿ. ಕೆಲವು ಪ್ರೊಫೆಸರ್‌ಗಳು ಗಡುವನ್ನು ಸಿಲೆಬಸ್‌ನಲ್ಲಿ ಮಾತ್ರ ಬರೆದಿರ್ತಾರೆ.

ಊರಿಂದ ಓದೋದಾದ್ರೆ

ಬೇಸಿಗೆಯಲ್ಲಿ ಹುಬ್ಬಳ್ಳಿಗೋ ಹಾಸನಕ್ಕೋ ಹೋಗಿ ಕೋರ್ಸ್ ಮಾಡುವವರು ಮೊದಲು ಗಡಿಯಾರದ ಲೆಕ್ಕ ಹಾಕಬೇಕು. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಕರಾವಳಿಗಿಂತ ಊರು ಒಂಬತ್ತೂವರೆ ಗಂಟೆ ಮುಂದೆ. ಅಲ್ಲಿ ಭಾನುವಾರ ರಾತ್ರಿ 11:59ರ ಗಡುವು ಅಂದ್ರೆ ಊರಿನಲ್ಲಿ ಸೋಮವಾರ ಬೆಳಗ್ಗೆ 9:29. ಪಶ್ಚಿಮ ಕರಾವಳಿಯ ವಿಶ್ವವಿದ್ಯಾಲಯ ಆದ್ರೆ ಸೋಮವಾರ ಮಧ್ಯಾಹ್ನ 12:29. ಇದೇನೋ ಅನುಕೂಲವೇ. ಆದರೆ ಪೂರ್ವ ಕರಾವಳಿಯ ಸಂಜೆ ಆರರ ನೇರ ಪಾಠ ಊರಿನಲ್ಲಿ ಬೆಳಗಿನ ಜಾವ ಮೂರೂವರೆ! ಆರು ವಾರ ಆ ಹೊತ್ತಿಗೆ ಏಳೋಕೆ ಆಗುತ್ತಾ ಅಂತ ಟಿಕೆಟ್ ಬುಕ್ ಮಾಡೋ ಮುಂಚೆಯೇ ಯೋಚಿಸಿ. ಸೆಮಿಸ್ಟರ್ ಮಧ್ಯೆ ಊರಿಂದ ಸೇರುವವರಿಗೆ ಇನ್ನೊಂದು ಎಚ್ಚರಿಕೆ: ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಗಡಿಯಾರ ಒಂದು ಗಂಟೆ ಸರಿಯುತ್ತೆ. ಭಾರತದಲ್ಲಿ ಸರಿಯಲ್ಲ.

ಎರಡನೆಯದು ಲಾಗಿನ್. ಡ್ಯುಒ ತರಹದ ಎರಡು ಹಂತದ ಪರಿಶೀಲನೆ ಇಲ್ಲದೆ ಕ್ಯಾನ್ವಾಸ್ ತೆರೆಯೋದೇ ಇಲ್ಲ. ನಿಮಗೆ ಕೋಡ್ ಬರೋದು ಅಮೆರಿಕದ ನಂಬರ್‌ಗೆ ಎಸ್ಸೆಮ್ಮೆಸ್ ಮೂಲಕ ಆಗಿದ್ದು, ಊರಿನಲ್ಲಿ ಆ ಸಿಮ್‌ಗೆ ರೋಮಿಂಗ್ ಇಲ್ಲದಿದ್ರೆ ಬಾಗಿಲು ಮುಚ್ಚಿತು ಅಂತಲೇ ಅರ್ಥ. ಹೊರಡೋ ಮುಂಚೆ ಫೋನಿನಲ್ಲಿ ಆ್ಯಪ್ ಹಾಕಿ, ವೈಫೈ ಮೇಲೆ ಕೆಲಸ ಮಾಡುತ್ತಾ ನೋಡಿ, ವಿಶ್ವವಿದ್ಯಾಲಯ ಕೊಡೋದಾದ್ರೆ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಗ್ರಂಥಾಲಯದ ಜರ್ನಲ್‌ಗಳಿಗೆ, ಲ್ಯಾಬ್ ಸಾಫ್ಟ್‌ವೇರ್‌ಗಳಿಗೆ ಬೇಕಾದ ವಿಪಿಎನ್ ಅನ್ನೂ ಇಲ್ಲಿದ್ದಾಗಲೇ ಹಾಕಿಕೊಳ್ಳಿ.

ಮೂರನೆಯದು ಕರೆಂಟು. ಮಳೆಗಾಲದ ಶುರುವಿನಲ್ಲಿ ಒಂದು ಗಾಳಿ ಬೀಸಿದ್ರೆ ಸಾಕು, ಎಷ್ಟೋ ಊರುಗಳಲ್ಲಿ ಕರೆಂಟ್ ಹೋಗುತ್ತೆ. ಮನೆಯಲ್ಲಿ ಯುಪಿಎಸ್ ಇದ್ದರೂ ವೈಫೈ ರೌಟರ್ ಅದಕ್ಕೆ ಸೇರಿದೆಯಾ ನೋಡಿ. ಲೈಟು ಫ್ಯಾನು ಮಾತ್ರ ಸೇರಿಸಿರುವ ಮನೆಗಳೇ ಹೆಚ್ಚು. ಜೊತೆಗೆ ಬೇರೆ ಕಂಪನಿಯ ಸಿಮ್ ಒಂದರಲ್ಲಿ ಹಾಟ್‌ಸ್ಪಾಟ್ ತಯಾರಿರಲಿ.

ನಾಲ್ಕನೆಯದು ಮನೆಯವರು. ಮಗ, ಮಗಳು ವರ್ಷದ ಮೇಲೆ ಬಂದಿದ್ದಾರೆ ಅಂದ್ರೆ ಮದುವೆ, ನಾಮಕರಣ, ಧರ್ಮಸ್ಥಳ ಎಲ್ಲಾ ಇರುತ್ತೆ. ನಿಮ್ಮ ಗಡುವುಗಳನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದುಬಿಡಿ. ಹಾಲಿನ ಲೆಕ್ಕದ ಪಕ್ಕದಲ್ಲೇ ನಿಮ್ಮ ಮಿಡ್‌ಟರ್ಮ್ ಕೂಡ ಇದ್ದರೆ ಅಮ್ಮನೇ ನೆನಪಿಸ್ತಾರೆ.

ಕ್ಯಾಮೆರಾ ಮುಂದಿನ ಪರೀಕ್ಷೆ

ಮನೆಯಿಂದ ಬರೆಯೋ ಪರೀಕ್ಷೆಗೆ ಕಾವಲು ಎರಡು ಬಗೆ. ಒಂದರಲ್ಲಿ ದೂರದಲ್ಲಿ ಕೂತ ಮನುಷ್ಯರೇ ನೋಡ್ತಿರ್ತಾರೆ. ಇನ್ನೊಂದರಲ್ಲಿ ಸಾಫ್ಟ್‌ವೇರ್ ರೆಕಾರ್ಡ್ ಮಾಡಿಕೊಂಡು ಅನುಮಾನ ಬಂದ ಕಡೆ ಗುರುತು ಹಾಕುತ್ತೆ, ಪ್ರೊಫೆಸರ್ ಆಮೇಲೆ ನೋಡ್ತಾರೆ. ಜೊತೆಗೆ ಪರೀಕ್ಷೆ ಮುಗಿಯುವ ತನಕ ಬೇರೆ ಯಾವ ಪುಟವನ್ನೂ ತೆರೆಯೋಕೆ ಬಿಡದ ಲಾಕ್‌ಡೌನ್ ಬ್ರೌಸರ್ ಇರಬಹುದು. ನಮ್ಮ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಗಮನಿಸಬೇಕಾದ್ದು: ಹೆಚ್ಚಾಗಿ ಬಳಕೆಯಲ್ಲಿರುವ ರೆಸ್ಪಾಂಡಸ್ ಲಾಕ್‌ಡೌನ್ ಬ್ರೌಸರ್ ಲಿನಕ್ಸ್ ಮೇಲೆ ಓಡಲ್ಲ. ಉಬುಂಟು ಮಾತ್ರ ಇರುವ ಲ್ಯಾಪ್‌ಟಾಪ್ ಇದ್ದರೆ ಗ್ರಂಥಾಲಯದಿಂದ ಬೇರೆ ಲ್ಯಾಪ್‌ಟಾಪ್ ಎರವಲು ತಗೊಳ್ಳಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಇದನ್ನ ಹಾಕೋಕೆ ಅನುಮತಿ ಸಿಗದೇ ಇರಬಹುದು.

ನಾಲ್ಕು ಜನ ಹಂಚಿಕೊಂಡಿರೋ ಅಪಾರ್ಟ್‌ಮೆಂಟಿನಲ್ಲಿ ಜಾಗವೇ ದೊಡ್ಡ ಸಮಸ್ಯೆ. ಪರೀಕ್ಷೆ ಮಧ್ಯೆ ಕುಕ್ಕರ್ ಮೂರು ಸಲ ಕೂಗಿದ್ರೆ, ಹಿಂದೆ ಯಾರೋ ಟವೆಲ್ ಹುಡುಕಿಕೊಂಡು ಹಾದುಹೋದ್ರೆ, ಸಾಫ್ಟ್‌ವೇರ್ ಅದನ್ನೂ ಗುರುತು ಹಾಕಬಹುದು. ನಮ್ಮಲ್ಲಿ ಇನ್ನೊಂದು ಅಭ್ಯಾಸ ಇದೆ, ಲೆಕ್ಕ ಮಾಡುವಾಗ ಮಗ್ಗಿಯನ್ನು ಕನ್ನಡದಲ್ಲಿ ಗೊಣಗಿಕೊಳ್ಳೋದು. "ಏಳೆಂಟ್ಲೆ ಐವತ್ತಾರು" ಅಂದದ್ದು ಯಾರಿಗೋ ಉತ್ತರ ಹೇಳಿಕೊಟ್ಟ ಹಾಗೆ ಕೇಳಿಸಬಾರದಲ್ವಾ? ಬಾಯಿ ಮುಚ್ಚಿ ಲೆಕ್ಕ ಮಾಡೋದನ್ನ ಅಭ್ಯಾಸ ಮಾಡಿ. ಸಾಧ್ಯವಾದರೆ ಗ್ರಂಥಾಲಯದಲ್ಲಿ ಒಬ್ಬರೇ ಕೂರುವ ಕೋಣೆಯನ್ನು ಮುಂಚೆಯೇ ಬುಕ್ ಮಾಡಿ. ಇಲ್ಲದಿದ್ರೆ ರೂಮ್‌ಮೇಟ್‌ಗಳಿಗೆ ಹಿಂದಿನ ದಿನವೇ ಹೇಳಿ, ಬಾಗಿಲಿಗೆ ಚೀಟಿ ಅಂಟಿಸಿ.

ಪರೀಕ್ಷೆಗೆ ಮುಂಚೆ ಕೋಣೆಯನ್ನೆಲ್ಲ ಕ್ಯಾಮೆರಾದಲ್ಲಿ ತೋರಿಸಿ ಅನ್ನೋದು ಕೆಲವರಿಗೆ ಕಸಿವಿಸಿ ತರುತ್ತೆ, ಅದು ತಪ್ಪೇನಲ್ಲ. 2022ರಲ್ಲಿ ಒಹಾಯೊದ ಫೆಡರಲ್ ನ್ಯಾಯಾಲಯ, ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯ ಒಬ್ಬ ವಿದ್ಯಾರ್ಥಿಯ ಪ್ರಕರಣದಲ್ಲಿ, ಹೀಗೆ ಕೋಣೆ ತೋರಿಸಲು ಹೇಳಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತ್ತು. ಎಲ್ಲಾ ಕಡೆಗೂ ಅದು ಅನ್ವಯಿಸುತ್ತೆ ಅಂತಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಮೊದಲ ವಾರವೇ ಪ್ರೊಫೆಸರ್‌ಗೆ ಬರೆದು, ಕ್ಯಾಂಪಸ್‌ನ ಪರೀಕ್ಷಾ ಕೇಂದ್ರದಲ್ಲಿ ಬರೆಯಬಹುದಾ ಅಂತ ಕೇಳಿ. ಪರೀಕ್ಷೆಯ ದಿನ ಕೇಳಿದ್ರೆ ಅವರಿಗೂ ಕೈಯಲ್ಲಿ ಏನೂ ಇರಲ್ಲ. ಎಲ್ಲಕ್ಕಿಂತ ಮುಖ್ಯ, ಅಣಕು ಪರೀಕ್ಷೆ ಇಟ್ಟಿದ್ದರೆ ಅದನ್ನು ಖಂಡಿತ ಮಾಡಿ. ಕ್ಯಾಮೆರಾ, ಮೈಕ್, ಇಂಟರ್‌ನೆಟ್ ಕೈಕೊಡೋದು ಅಂಕವಿಲ್ಲದ ಆ ದಿನವೇ ಆಗಿಹೋಗಲಿ.

ಕೇಳೋಕೆ ಸಂಕೋಚ ಬೇಡ

ತರಗತಿಯಲ್ಲಿ ಪಕ್ಕದವರ ಮುಖ ನೋಡಿದ್ರೆ ಅವರಿಗೂ ಅರ್ಥವಾಗಿಲ್ಲ ಅಂತ ತಿಳಿಯುತ್ತೆ, ಅಷ್ಟಕ್ಕೇ ಒಂದು ಧೈರ್ಯ ಬರುತ್ತೆ. ಆನ್‌ಲೈನ್‌ನಲ್ಲಿ ಆ ಮುಖ ಇಲ್ಲ. ಎಲ್ಲರಿಗೂ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ ಅನ್ನಿಸಿಬಿಡುತ್ತೆ. ಮೇಷ್ಟ್ರನ್ನ ಪ್ರಶ್ನೆ ಕೇಳಿದ್ರೆ ಏನಂದುಕೊಳ್ತಾರೋ ಅನ್ನೋ ನಮ್ಮ ಹಳೇ ಸಂಕೋಚವೂ ಸೇರಿದರೆ, ಮೂರನೇ ವಾರದ ಅನುಮಾನ ಹತ್ತನೇ ವಾರದ ತನಕ ಹಾಗೇ ಉಳಿಯುತ್ತೆ.

ಆಫೀಸ್ ಅವರ್ಸ್ ಇರೋದೇ ಇದಕ್ಕೆ. ಮೊದಲ ಎರಡು ವಾರದಲ್ಲಿ ಒಂದು ಸಲವಾದರೂ ಜೂಮ್‌ನಲ್ಲಿ ಹೋಗಿ ಪರಿಚಯ ಮಾಡಿಕೊಳ್ಳಿ. ಮುಂದೆ ಕಷ್ಟ ಬಂದಾಗ ಬರೆಯೋಕೆ ದಾರಿ ಆಗುತ್ತೆ. ಇಮೇಲ್ ಬರೆಯುವಾಗ ವಿಷಯದ ಸಾಲಿನಲ್ಲಿ ಕೋರ್ಸ್ ನಂಬರ್, ಸೆಕ್ಷನ್ ಹಾಕಿ. ಯಾವ ಪ್ರಶ್ನೆ, ನೀವು ಇಲ್ಲಿ ತನಕ ಏನು ಪ್ರಯತ್ನ ಮಾಡಿದ್ರಿ, ಎಲ್ಲಿ ಸಿಕ್ಕಿಹಾಕಿಕೊಂಡ್ರಿ, ಈ ಮೂರು ಇದ್ದರೆ ಉತ್ತರ ಬೇಗ ಬರುತ್ತೆ. "ಡೌಟ್ ಇದೆ ಸರ್" ಅಂತ ಮಾತ್ರ ಬರೆದರೆ ಅವರಿಗೂ ಏನು ಹೇಳಬೇಕೋ ತಿಳಿಯಲ್ಲ. ಜೊತೆಗೆ ಅದೇ ಕೋರ್ಸಿನ ಇಬ್ಬರನ್ನಾದರೂ ಹುಡುಕಿಕೊಂಡು ವಾರಕ್ಕೊಂದು ಗಂಟೆ ಕೂತು ಮಾತಾಡಿ. ಹೋಮ್‌ವರ್ಕ್ ಉತ್ತರ ಹಂಚಿಕೊಳ್ಳೋಕಲ್ಲ, ಅರ್ಥ ಆದದ್ದನ್ನು ಒಬ್ಬರಿಗೊಬ್ಬರು ಹೇಳೋಕೆ. ಕನ್ನಡದಲ್ಲಿ ಹೇಳಿಕೊಂಡರೂ ಸರಿ. ಐಗನ್‌ವ್ಯಾಲ್ಯೂ ಏನು ಅಂತ ಕನ್ನಡದಲ್ಲಿ ಹೇಳೋಕೆ ಬಂದರೆ ಅದು ನಿಜವಾಗಿ ಅರ್ಥವಾಗಿದೆ ಅಂತಲೇ.

ಬಿಡೋದಾದ್ರೆ ಯಾವಾಗ

ಎಷ್ಟೇ ತಯಾರಿ ಮಾಡಿದ್ರೂ ಕೆಲವು ಕೋರ್ಸ್ ಹೊಂದಲ್ಲ. ಆಗ ದಿನಾಂಕಗಳೇ ಎಲ್ಲವನ್ನೂ ತೀರ್ಮಾನಿಸೋದು. ಆ್ಯಡ್-ಡ್ರಾಪ್ ಗಡುವಿನೊಳಗೆ ಬಿಟ್ಟರೆ ಸಾಮಾನ್ಯವಾಗಿ ದುಡ್ಡೂ ವಾಪಸ್, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗುರುತೂ ಇರಲ್ಲ. ಅದು ದಾಟಿದರೆ "ಡಬ್ಲ್ಯೂ" ಬೀಳುತ್ತೆ, ದುಡ್ಡು ಹಂತ ಹಂತವಾಗಿ ಕೈಬಿಡುತ್ತೆ. ಆರು ವಾರದ ಕೋರ್ಸಿನಲ್ಲಿ ಈ ಮೊದಲ ಗಡುವು ಕೆಲವೇ ದಿನಗಳಲ್ಲಿ ಬಂದುಬಿಡುತ್ತೆ. ಅದಕ್ಕೇ ಮೊದಲ ಮಾಡ್ಯೂಲನ್ನು ಪಾಠ ತೆರೆದ ದಿನವೇ ನೋಡಿ, ಮೊದಲ ಹೋಮ್‌ವರ್ಕ್ ಮೇಲೆ ಕಣ್ಣಾಡಿಸಿ, ಆಮೇಲೆ ನಿರ್ಧರಿಸಿ.

ಆದರೆ ಬಿಡೋದರಿಂದ ನಿಮ್ಮ ಕ್ರೆಡಿಟ್ ಪೂರ್ಣಾವಧಿಗಿಂತ ಕೆಳಗೆ ಇಳಿಯೋದಾದ್ರೆ, ಪೋರ್ಟಲ್‌ನಲ್ಲಿ ಬಟನ್ ಒತ್ತುವ ಮುಂಚೆ ಡಿಎಸ್‌ಒ ಹತ್ತಿರ ಹೋಗಿ. ಕಾಯಿಲೆ, ಮೊದಲ ಸೆಮಿಸ್ಟರ್‌ನಲ್ಲಿ ಇಲ್ಲಿನ ಬೋಧನಾ ಕ್ರಮಕ್ಕೆ ಹೊಂದಿಕೊಳ್ಳುವ ಕಷ್ಟ, ಇಂಥ ಕೆಲವು ಕಾರಣಗಳಿಗೆ ಕಡಿಮೆ ಕ್ರೆಡಿಟ್ ಓದೋಕೆ ಅನುಮತಿ ಸಿಗಬಹುದು. ಆದರೆ ಅನುಮತಿ ಮೊದಲು, ಬಿಡೋದು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಸ್ಟೇಟಸ್ಸೇ ಹೋಗುತ್ತೆ. ಒಂದು ಕೆಟ್ಟ ಗ್ರೇಡನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಸರಿ ಮಾಡಿಕೊಳ್ಳಬಹುದು, ಕಳೆದುಹೋದ ಸ್ಟೇಟಸ್ಸನ್ನು ಮರಳಿ ಪಡೆಯೋದು ಬಹಳ ಕಷ್ಟ.

ಇಷ್ಟೆಲ್ಲ ಓದಿ ಹೆದರಬೇಡಿ. ವೀಸಾ ಲೆಕ್ಕ ಒಂದು ಇಮೇಲ್‌ನ ಕೆಲಸ, ಸಿಲೆಬಸ್ ಒಂದು ಗಂಟೆಯ ಕೆಲಸ, ಕ್ಯಾಲೆಂಡರ್ ಇನ್ನೊಂದು ಗಂಟೆ, ಲಾಗಿನ್ ಮತ್ತು ಕ್ಯಾಮೆರಾ ಪರೀಕ್ಷೆ ಅರ್ಧ ದಿನ. ಕೋರ್ಸ್ ಶುರುವಾಗುವ ಮುಂಚೆ ಒಂದು ಶನಿವಾರ ಇದಕ್ಕೆ ಕೊಟ್ಟರೆ ಮುಂದಿನ ಹದಿನೈದು ವಾರ ಪಾಠದ ಕಡೆ ಗಮನ ಕೊಡಬಹುದು. ಮುಂದಿನ ಸೆಮಿಸ್ಟರ್‌ಗೆ ಆನ್‌ಲೈನ್ ಕೋರ್ಸ್ ತಗೊಳ್ಳುವವರು ಕೋರ್ಸ್ ನಂಬರನ್ನು ಸಂಘದ ಗುಂಪಿನಲ್ಲಿ ಹಾಕಿ. ಅದೇ ಕೋರ್ಸಿನಲ್ಲಿ ಇನ್ನೊಬ್ಬ ಕನ್ನಡಿಗರು ಇದ್ದರೆ ಓದೋಕೆ ಜೊತೆ ಆಯ್ತು. ಎಲ್ಲರಿಗೂ ಒಳ್ಳೆಯದಾಗಲಿ.